ಹೆಣವಿಲ್ಲದ ಏಟು

ಹ್ಯಾಂಡ್‌ಪೋಸ್ಟ್

ನಾನು ಜರ್ಮನಿಗೆ ಹೋಗಿ ಬಂದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಅಂತರಸಂತೆಯ ಯಾರೋ ಒಬ್ಬ ತಮಟೆ ಜವರಯ್ಯ ಅಂದುಕೊಂಡು ನೀವು ಪುಟ ತಿರುವಿಬಿಡುತ್ತೀರಿ. ಹ್ಯಾಂಡ್‌ಪೋಸ್ಟಿನ ಟೀ ಅಂಗಡಿಯಲ್ಲಿ ಮದರಾಸಿಗೆ ಹೋಗಿ ಬಂದವರಿದ್ದಾರೆ, ಕಾಶಿಗೆ ಹೋಗಿ ಬಂದವರಿದ್ದಾರೆ, ಜೈಲಿಗೆ ಹೋಗಿ ಬಂದವರೂ ಇಬ್ಬರಿದ್ದಾರೆ. ಜರ್ಮನಿಗೆ ಹೋಗಿ ಬಂದವನು ನಾನೊಬ್ಬನೇ. ಶಿವಲಿಂಗಪ್ಪ ಮೇಷ್ಟ್ರೂ ಬಂದಿದ್ದರು, ನಿಜ. ಆದರೆ ಅವರು ಬಂದದ್ದು ನನ್ನ ಬಾಯಿಯಾಗಿ. ಮನುಷ್ಯ ಹೋದ ಕಡೆ ಅವನ ಬಾಯಿಯೂ ಹೋಗುತ್ತದೆ. ಅದಕ್ಕೆ ಬೇರೆ ಹೆಸರಿಡುವುದಿಲ್ಲ.

ಆದದ್ದು ಇಷ್ಟು. ಬೀಚನಹಳ್ಳಿ ಡ್ಯಾಮಿನ ಹಿನ್ನೀರಿನ ದಡದ ರೆಸಾರ್ಟೊಂದರಲ್ಲಿ ಸಂಜೆ ಹೊತ್ತು ನಮ್ಮ ಸೆಟ್ಟು ತಮಟೆ ಬಾರಿಸುತ್ತಿತ್ತು. ಹಗಲೆಲ್ಲ ಜೀಪಿನಲ್ಲಿ ಸುತ್ತಿ ಹುಲಿ ಕಾಣದೆ ಬಂದವರಿಗೆ ನಾವೇ ಹುಲಿ. ಅಲ್ಲಿಗೆ ಉಲ್ರಿಕ ಎಂಬ ಜರ್ಮನಿಯ ಹಾಡುಗಾರ್ತಿ ಬಂದಿದ್ದಳು. ಉಳಿದವರೆಲ್ಲ ಫೋಟೋ ಹೊಡೆಯುತ್ತಿದ್ದರೆ ಆಕೆ ಮಾತ್ರ ನೆಲ ನೋಡಿಕೊಂಡು ಹೆಬ್ಬೆರಳಲ್ಲಿ ಎಣಿಸುತ್ತಿದ್ದಳು. ಕಸುಬುದಾರಳು ಅಂತ ಅವತ್ತೇ ಗೊತ್ತಾಯಿತು. ಕೆಲವು ತಿಂಗಳಿಗೆ ಕಾಗದ ಬಂತು. ಒಂದು ಹಾಡು ಕಟ್ಟಿದ್ದೇನೆ, ಅದು ಎದ್ದು ನಿಲ್ಲುತ್ತಿಲ್ಲ, ನಿಮ್ಮ ತಮಟೆ ಬೇಕು, ಇಂಗ್ಲಿಷ್ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ ಅಂತ.

ನಮ್ಮ ಕಡೆ ಇಂಗ್ಲಿಷ್ ಬಲ್ಲವರು ಅಂದರೆ ಶಿವಲಿಂಗಪ್ಪ ಮೇಷ್ಟ್ರು. ರಿಟೈರಾದವರು. ಹಣೆ ತುಂಬ ವಿಭೂತಿ, ತಲೆ ಮೇಲೆ ಒಂದು ಕೂದಲೂ ಇಲ್ಲ. ಜೀವಮಾನದಲ್ಲಿ ಒಂದು ಸುಳ್ಳು ಹೇಳಿದವರಲ್ಲ. ಅದೊಂದು ದೊಡ್ಡ ಕೊರತೆ, ಆದರೂ ಕರೆದೆ.

ಸುದ್ದಿ ಕೇಳಿ ಹುಣಸೂರಿನ ಬ್ಯಾಂಡ್‌ಸೆಟ್ ನಂಜುಂಡನ ಹೊಟ್ಟೆ ಉರಿಯಿತು. ಮದುವೆ, ಮೆರವಣಿಗೆ ಎಲ್ಲವನ್ನೂ ಅವನ ಕೆಂಪು ಕೋಟಿನ ಬ್ಯಾಂಡ್ ನುಂಗಿ ಹಾಕಿದ್ದ ಕಾಲ ಅದು. ನಮ್ಮನ್ನು ಕರೆಯುತ್ತಿದ್ದದ್ದು ಸಾವಿಗೆ ಮಾತ್ರ.

"ಅಲ್ಲ ಜವರಣ್ಣ, ಆ ಸೀಮೇಲಿ ಯಾವನಾರ ಸತ್ತವ್ನಾ, ನಿನ್ನ ಕರ್ಸ್ಕಳಕ್ಕೆ?" ಅಂದ ನಂಜುಂಡ.

"ಲೇ ನಂಜುಂಡ, ಮದ್ವೆ ಏಟು ಒಡ್ದು ಆ ದೇಶನೇ ಕುಣುಸ್ಕಂಡು ಬತ್ತೀನಿ ಕಣ್ಲಾ. ಇಲ್ದಿದ್ರೆ ಈ ಮೀಸೆ ನಿಂದು."

"ನಿನ್ ಮೀಸೆ ಮಡಿಕ್ಕಂಡು ನಾನೇನ್ ಮಾಡ್ಲಣ್ಣ, ಪಾತ್ರೆ ಉಜ್ಜಕ್ಕೂ ಆಗಕಿಲ್ಲ," ಅಂದ. ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ನಗದಿದ್ದರೆ ಉರಿ ಕಾಣುತ್ತದಲ್ಲ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಮ್ಮಲ್ಲಿ ಹಬ್ಬಕ್ಕೊಂದು ಏಟು, ಮದುವೆಗೊಂದು ಏಟು, ಸಾವಿಗೊಂದು ಏಟು. ಮೊದಲೆರಡನ್ನು ಮನೆ ಜಗುಲಿಯಲ್ಲಿ ಕೂತು ಕಲಿಯಬಹುದು. ಸಾವಿನ ಏಟನ್ನು ಕಲಿಯುವುದು ಚಟ್ಟದ ಮುಂದೆ ನಡೆಯುತ್ತಲೇ. ನಮ್ಮಪ್ಪ ನನಗೆ ತಮಟೆ ಕೊಟ್ಟ ದಿನ ಹೇಳಿದ್ದ: "ಮಗ, ಯೆಣ ಇಲ್ದೆ ಈ ಏಟು ಒಡೀಬ್ಯಾಡ. ಒಡುದ್ರೆ, ಏಟೇ ಯೆಣ ಹುಡಿಕ್ಕಂಡು ಬತ್ತದೆ."

ನಾನು ಮಾಡದ ಕಿತಾಪತಿಯಿಲ್ಲ. ಒಮ್ಮೆ ಕೆ.ಆರ್.ನಗರದ ಆರ್ಕೆಸ್ಟ್ರಾದಲ್ಲಿ ಗಾಯಕನೊಬ್ಬ ಕಣ್ಣೊರೆಸಿಕೊಂಡು ವಿರಹದ ಹಾಡು ಹಾಡುತ್ತಿದ್ದಾಗ, ಹಿಂದೆ ಕೂತಿದ್ದ ನಾನು ಮೆಲ್ಲಗೆ ಏಟು ಬದಲಿಸಿ ಹಬ್ಬದ ಕುಣಿತಕ್ಕೆ ತಿರುಗಿಸಿದೆ. ರಾಗ ಅದೇ, ಮಾತು ಅದೇ. ಜನ ಶಿಳ್ಳೆ ಹೊಡೆದು ಟವೆಲ್ ಬೀಸಿದರು. ಪಾಪ, ಅವನು ಅಳುತ್ತಲೇ ಒನ್ಸ್‌ಮೋರ್ ಹಾಡಿದ. ಅಂಥ ನಾನೂ ಅಪ್ಪನ ಆ ಒಂದು ಮಾತನ್ನು ಮೀರಿರಲಿಲ್ಲ.

ವಿಮಾನ ನಿಲ್ದಾಣ

ಬೆಂಗಳೂರಿನಲ್ಲಿ ಅಧಿಕಾರಿಯೊಬ್ಬ ತಮಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಬೆರಳಲ್ಲಿ ತಟ್ಟಿದ. ಅದು ಒದ್ದೆ ಗೋಣಿಚೀಲದಂತೆ 'ಬದ್' ಅಂದಿತು.

"ಇದು ನುಡಿಯುತ್ತೇನ್ರೀ?"

"ಕಾಯಿಸ್ಬೇಕು ಸ್ವಾಮಿ. ನಾಕ್ ಸೋಗೆ ತರ್ಸಿ, ಇಲ್ಲೇ ಬೆಂಕಿ ಆಕ್ತೀನಿ."

ಮೇಷ್ಟ್ರು ನನ್ನ ಬೆನ್ನಿಗೆ ಗುದ್ದಿ ಮುಂದೆ ತಳ್ಳಿದರು. ವಿಮಾನದ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಅಂತರಸಂತೆ ಬಸ್ಸಿನಲ್ಲಿ ಕೂತವನಿಗೆ ಅದು ಜೋಲಿಯಲ್ಲಿ ಮಲಗಿದಂತೆ. ಒಂದೇ ಬೇಸರ, ನಡುದಾರಿಯಲ್ಲಿ ಎಲ್ಲೂ ಇಳಿದು ಬೀಡಿ ಹಚ್ಚುವಂತಿಲ್ಲ.

ಉಲ್ರಿಕಳ ಊರು

ಆ ಊರಲ್ಲಿ ನನಗೆ ಮೊದಲು ಕೇಳಿಸಿದ್ದು ಏನೂ ಕೇಳಿಸದಿರುವುದು. ಕಾರಿಗೆ ಹಾರನ್ ಇದೆ, ಒತ್ತುವವರಿಲ್ಲ. ನಾಯಿಗಳಿವೆ, ಬೊಗಳುವುದಿಲ್ಲ, ಅವಕ್ಕೂ ಬೊಗಳಲು ಟೈಮು ಗೊತ್ತುಮಾಡಿದ್ದಾರೋ ಏನೋ. ನಮ್ಮಲ್ಲಿ ಸಾವಿನ ಮನೆಯಲ್ಲೂ ಅಷ್ಟು ಮೌನ ಇರುವುದಿಲ್ಲ.

ರಸ್ತೆ ದಾಟಲು ಕೆಂಪು ದೀಪ. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲ. ಆದರೂ ಐದಾರು ಜನ ಧ್ಯಾನಕ್ಕೆ ನಿಂತವರಂತೆ ನಿಂತಿದ್ದರು. ನಾನು ದಾಟಿದೆ. ಒಬ್ಬ ಮುದುಕಿ ಆಚೆಯಿಂದ ಕೈ ಬೀಸಿ ಬೈಯತೊಡಗಿದಳು. ಭಾಷೆ ತಿಳಿಯದಿದ್ದರೂ ಏಟಿನ ಮೇಲೆ ಬೈಗುಳ ಅಂತ ತಿಳಿಯಿತು: ಮೂರು ಚಿಕ್ಕದು, ಒಂದು ದೊಡ್ಡದು, ಮತ್ತೆ ಮೂರು ಚಿಕ್ಕದು. ನಮ್ಮತ್ತೆಯದೂ ಅದೇ ಲೆಕ್ಕಾಚಾರ. ಎಷ್ಟು ಸಾವಿರ ಮೈಲಿ ಹೋದರೂ ಅತ್ತೆಯಿಂದ ತಪ್ಪಿಸಿಕೊಳ್ಳಲಾಗದು.

ಮೇಷ್ಟ್ರಿಗೆ ಊಟದ ಕಷ್ಟ. ಯಾವ ತಟ್ಟೆ ಮುಂದಿಟ್ಟರೂ ಅದರಲ್ಲಿ ಒಂದು ಪ್ರಾಣಿ ಮಲಗಿರುತ್ತಿತ್ತು. ಕೊನೆಗೆ ಬೇಯಿಸಿದ ಆಲೂಗಡ್ಡೆಯಲ್ಲೇ ಶಿವನನ್ನು ಕಂಡರು. ಐದು ದಿನ, ಮೂರು ಹೊತ್ತು. ಅವರ ಪಾಲಿನ ಪ್ರಾಣಿಗಳಿಗೆ ನಾನು ಸದ್ಗತಿ ಕಾಣಿಸಿದೆ.

ಸ್ಟುಡಿಯೋದ ಯಂತ್ರಗಳನ್ನು ನೋಡಿಕೊಳ್ಳುವವನ ಹೆಸರು ಯೋಹಾನ್. ಆರಡಿ ಎತ್ತರ, ಬೆಣ್ಣೆಯಂಥ ಮನಸ್ಸು. ದೊಡ್ಡವರಿಗೆ ನಿಮ್ಮ ಭಾಷೆಯಲ್ಲಿ ನಮಸ್ಕಾರ ಹೇಗೆ ಹೇಳಬೇಕು ಅಂತ ಸನ್ನೆಯಲ್ಲಿ ಕೇಳಿದ. ಹೇಳಿಕೊಟ್ಟೆ. ಮರುದಿನ ಬೆಳಿಗ್ಗೆ ಮೇಷ್ಟ್ರ ಮುಂದೆ ಸೊಂಟ ಬಗ್ಗಿಸಿ, ಕೈ ಮುಗಿದು, ಭಕ್ತಿಯಿಂದ ಹೇಳಿದ:

"ಏನ್ಲಾ ಬೋಳ!"

ಮೇಷ್ಟ್ರು ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿನ ಚಿತ್ರ ನೋಡುತ್ತಿದ್ದೆ. ಬಹಳ ಒಳ್ಳೆಯ ಚಿತ್ರ.

ಸ್ಟುಡಿಯೋ, ಮೊದಲ ದಿನ

ಮೂರಂತಸ್ತಿನ ಕಟ್ಟಡ. ಕೆಳಗೆ ಹಲ್ಲಿನ ಡಾಕ್ಟರು, ನಡುವೆ ವಕೀಲರು, ಮೇಲೆ ಸ್ಟುಡಿಯೋ. ಕೆಳಗಿಬ್ಬರೂ ಜನರನ್ನು ಕೂಗಿಸುವವರು, ಮೇಲಿನವರು ಹಾಡಿಸುವವರು.

ಆ ಚಳಿಗೆ ತಮಟೆಯ ಚರ್ಮ ಸತ್ತೇ ಹೋಗಿತ್ತು. ಕಾಯಿಸದೆ ಬಾರಿಸಿದರೆ ಅದು ತಮಟೆಯಲ್ಲ, ತಟ್ಟೆ. ಯಾರನ್ನು ಕೇಳುವುದು? ಕಕ್ಕಸಿನಲ್ಲಿ ತಗಡಿನ ಕಸದ ಡಬ್ಬಿ ಇತ್ತು, ಕೈಗೆ ಸಿಕ್ಕ ಹಳೇ ಪೇಪರುಗಳಿದ್ದವು, ಜೇಬಿನಲ್ಲಿ ಬೆಂಕಿಪೊಟ್ಟಣ ಇತ್ತು. ಹಚ್ಚಿದೆ. ಚರ್ಮ ಆಗತಾನೆ ಬಿಗಿಯುತ್ತಿತ್ತು, ಅಷ್ಟರಲ್ಲಿ ಇಡೀ ಕಟ್ಟಡ ಈಯುವ ಎಮ್ಮೆಯಂತೆ ಅರಚಿಕೊಂಡಿತು.

ಜನ ಹೊರಗೆ ಬಂದರು. ಹೇಗೆ? ಸಾಲಾಗಿ! ಮೆಟ್ಟಿಲ ಮೇಲೆ 'ಮೊದಲು ನೀವು' ಅಂತ ದಾರಿ ಬಿಟ್ಟುಕೊಡುತ್ತ. ಬೆಂಕಿಗೂ ಇವರು ಟೋಕನ್ ಕೊಟ್ಟು ಕೂರಿಸಿಯಾರು ಅನ್ನಿಸಿತು. ಹಲ್ಲಿನ ರೋಗಿಯೊಬ್ಬ ಕೊರಳಿಗೆ ನೀಲಿ ಬಟ್ಟೆ ಕಟ್ಟಿಕೊಂಡು, ಬಾಯಿ ತೆರೆದುಕೊಂಡೇ ಬೀದಿಯಲ್ಲಿ ನಿಂತಿದ್ದ. ಎರಡು ಫೈರ್ ಎಂಜಿನ್ ಬಂದವು. ಅವರು ಹುಡುಕಿ ಹುಡುಕಿ ಕೊನೆಗೆ ಹೊರತಂದದ್ದು ಒಂದು ಕಸದ ಡಬ್ಬಿ.

ಮೇಷ್ಟ್ರು ಅರ್ಧ ಗಂಟೆ ಕ್ಷಮೆ ಕೇಳಿದರು. ನಾನು ತಮಟೆ ಬಾರಿಸಿ ನೋಡಿದೆ. ಚೆನ್ನಾಗಿ ಕಾದಿತ್ತು.

ಮಧ್ಯಾಹ್ನ ಯೋಹಾನ್ ಹೆಂಗಸರು ತಲೆಕೂದಲು ಒಣಗಿಸುವ ಬಿಸಿಗಾಳಿಯ ಯಂತ್ರ ತಂದುಕೊಟ್ಟ. ಅಲ್ಲಿಂದಾಚೆ ಅದರಲ್ಲೇ ಕಾಯಿಸಿದೆ. ಮೇಷ್ಟ್ರಿಗೂ ಹಿಡಿದೆ, ಅವರಿಗೆ ಒಣಗಿಸಲು ಏನೂ ಇರಲಿಲ್ಲ.

ಆಮೇಲೆ ಹಾಡು ಕೇಳಿಸಿದರು. ಉಲ್ರಿಕಳ ಗಂಟಲು ಜೇನು. ಆದರೆ ಅದರ ಕೆಳಗೆ ಯೋಹಾನನ ಯಂತ್ರದ ಏಟು: ದಂ, ದಂ, ದಂ, ದಂ. ನಮ್ಮ ನಾಲೆ ಮೇಲಿನ ಡೀಸೆಲ್ ಪಂಪು ಹೀಗೇ ಹೊಡೆದುಕೊಳ್ಳುತ್ತದೆ, ಆದರೆ ಅದರಿಂದ ನೀರಾದರೂ ಬರುತ್ತದೆ.

"ಸಿ.ಡಿ. ತೆಗೆಯೋ ಕಂಪನಿಯೋರಿಗೆ ಕುಣಿಯೋ ಹಾಡು ಬೇಕಂತೆ. ನಾಳೆ ಒಳಗೆ ಒಳ್ಳೇ ಏಟು ಸಿಗದಿದ್ರೆ ಈ ಮಿಷಿನ್ ಏಟನ್ನೇ ಉಳಿಸ್ಕೋತಾರಂತೆ," ಎಂದು ಮೇಷ್ಟ್ರು ತಿಳಿಸಿದರು. ಉಲ್ರಿಕ ಕಿಟಕಿಯಾಚೆ ನೋಡುತ್ತಿದ್ದಳು.

ಓದುಗರೇ, ಈ ಜರ್ಮನಿ ಕಂಡವನಿಂದ ಒಂದು ಮಾತು ಕೇಳಿಸಿಕೊಳ್ಳಿ. ಹಾಡಿಗೆ ರಾಗ ಮುಖ, ಏಟು ಕಾಲು. ದಾರಿಯಲ್ಲಿ ಬರುವವನು ಮಾವನ ಮನೆಗೆ ಹೊರಟವನೋ, ಕುಡಿದು ಬರುವವನೋ, ಮಗುವಿಗೆ ಔಷಧಿ ತರಲು ಓಡುವವನೋ ಅಂತ ತಿಳಿಯಲು ಮುಖ ಯಾಕೆ ನೋಡಬೇಕು? ಕಾಲು ನೋಡಿದರೆ ಸಾಕು. ಹಾಡುಗಳೂ ಅಷ್ಟೇ. ಏಟನ್ನು ಒಂದು ಕೂದಲೆಳೆ ಮುಂದೆ ಹಾಕಿದರೆ ಹಾಡಿಗೆ ಆತುರ ಬರುತ್ತದೆ. ಒಂದು ಕೂದಲೆಳೆ ತಡೆದು ಹಾಕಿದರೆ ಸೊಂಟ ತಾನಾಗಿ ಬಳುಕುತ್ತದೆ. ನಾಲ್ಕನೇ ಏಟನ್ನು ಹಾಕದೇ ಬಿಟ್ಟರೆ ಕೇಳುವವನೇ ಒಳಗೊಳಗೆ ಅದನ್ನು ಹಾಕಿಕೊಂಡು ನಮ್ಮ ಬಲೆಗೆ ಬೀಳುತ್ತಾನೆ. ಯೋಹಾನನ ಯಂತ್ರ ಒಂದು ಏಟನ್ನೂ ಬಿಡುತ್ತಿರಲಿಲ್ಲ. ಜಿಪುಣನ ಮದುವೆಯಲ್ಲಿ ಎಲೆ ಎಣಿಸಿದಂತೆ ಎಣಿಸಿ ಹಾಕುತ್ತಿತ್ತು.

ಸ್ಟುಡಿಯೋ, ಎರಡನೇ ದಿನ

ನನ್ನ ಕಿವಿಗೆ ಹೆಡ್‌ಫೋನು ಹಾಕಿದರು. ಒಳಗೆ 'ಟಿಕ್ ಟಿಕ್ ಟಿಕ್' ಅಂತ ಗಡಿಯಾರ. ಅದರ ಜೊತೆಗೇ ಬಾರಿಸಬೇಕಂತೆ.

"ಮೇಷ್ಟ್ರೇ, ಗಡಿಯಾರ ನೋಡ್ಕಂಡು ಬಾರ್ಸಕ್ಕೆ ನಾನೇನು ಬಸ್‌ಸ್ಟ್ಯಾಂಡ್ ಕಂಟ್ರೋಲರ್ರಾ?"

"ಸುಮ್ನೆ ಬಾರ್ಸಯ್ಯ. ಆ ಹೆಣ್ಮಗಳ ಮುಖ ನೋಡು."

ಮದುವೆ ಏಟು ಹೊಡೆದೆ. ನನ್ನ ಮದುವೆ ಏಟಿಗೆ ಪಿರಿಯಾಪಟ್ಟಣದಲ್ಲಿ ಒಬ್ಬ ಮಾಜಿ ಶಾಸಕ ಪಂಚೆ ಎತ್ತಿ ಕುಣಿದಿದ್ದಾನೆ. ಇಲ್ಲಿ ಯೋಹಾನ್ ತಲೆ ಅಲ್ಲಾಡಿಸಿದ. ಮತ್ತೆ ಹೊಡೆದೆ, ಮತ್ತೆ ತಲೆ ಅಲ್ಲಾಡಿಸಿದ. ಎಂಟನೇ ಸಲಕ್ಕೆ ಪರದೆಯ ಮೇಲೆ ಗೆರೆಗಳನ್ನು ತೋರಿಸಿದ: ನನ್ನ ಏಟುಗಳು ಗೆರೆಯ ಮೇಲೆ ಬೀಳದೆ ಆಚೀಚೆ ಬೀಳುತ್ತಿವೆಯಂತೆ! ನಲವತ್ತು ವರ್ಷ ಬಾರಿಸಿದವನಿಗೆ ಗೆರೆ ತೋರಿಸುತ್ತಾನೆ. ಉಲ್ರಿಕ ಎದ್ದು ಹೊರಗೆ ಹೋಗಿಬಿಟ್ಟಳು.

ಅಲ್ಲಿಗೆ ನನ್ನ ತಲೆ ಕೆಟ್ಟಿತು. ಹೆಡ್‌ಫೋನು ಕಿತ್ತೆಸೆದೆ. ನಿಮ್ಮ ಹಾಡಿಗೆ ಏನು ಲಾಯಕ್ಕೋ ಅದನ್ನೇ ಕೊಡುತ್ತೇನೆ, ಇರಿ, ಅಂದುಕೊಂಡೆ. ಇವರಿಗೇನು ಗೊತ್ತಾಗುತ್ತದೆ? ಬರೀ ಕುಚೋದ್ಯಕ್ಕೆ, ನಮ್ಮಪ್ಪನಾಣೆ ಬರೀ ಕುಚೋದ್ಯಕ್ಕೆ, ಸಾವಿನ ಏಟು ಹೊಡೆದೆ.

ಡಣ್... ಡಣಕ ಡಣ್... ಡಣಕ.

ಅದು ನಾಲ್ಕು ಜನ ಹೆಗಲ ಮೇಲೆ ಭಾರ ಹೊತ್ತು ನಡೆಯುವ ಏಟು. ಎರಡು ಹೆಜ್ಜೆ ಹೋಗುತ್ತದೆ, ಮೂರನೆಯದಕ್ಕೆ ತಡೆಯುತ್ತದೆ. ಹಾಗೆಂದು ಅಳುವ ಏಟಲ್ಲ. ನಮ್ಮಲ್ಲಿ ಚಟ್ಟದ ಮುಂದೆ ಕುಣಿಯದವರು ಯಾರು? ಮೂಲೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದ ಮೇಷ್ಟ್ರ ಕೈ ಅಲ್ಲೇ ನಿಂತಿತು. ಅವರೂ ನಮ್ಮ ಸೀಮೆಯವರೇ, ಗೊತ್ತಾಗದೆ ಇರುತ್ತದೆಯೇ?

ಬಾಗಿಲು ದಡಾರನೆ ತೆರೆಯಿತು. ಉಲ್ರಿಕ ಓಡಿ ಬಂದು ಮೈಕಿನ ಮುಂದೆ ನಿಂತು ಹಾಡಿದಳು. ಅದೇ ಹಾಡು. ನಿನ್ನೆ ಜಡೆ ಹಾರಿಸಿಕೊಂಡು ಸ್ಕೂಲಿಗೆ ಓಡುತ್ತಿದ್ದ ಹಾಡು, ಇವತ್ತು ನಡೆಯುತ್ತ ನಡೆಯುತ್ತ ಹಿಂದೆ ತಿರುಗಿ ನೋಡತೊಡಗಿತು. ಒಂದಕ್ಷರ ಬದಲಾಗಿರಲಿಲ್ಲ. ಯೋಹಾನ್ ಮೆಲ್ಲಗೆ ಕೈ ಚಾಚಿ ಟಿಕ್‌ಟಿಕ್ ಆರಿಸಿದ. ನನಗೂ ನಿಲ್ಲಿಸಲು ಆಗಲಿಲ್ಲ. ಆ ಏಟು ಹಾಗೆಯೇ, ಇಳಿಸುವ ಜಾಗ ಬರುವವರೆಗೂ ನಿಲ್ಲುವುದಿಲ್ಲ.

ಮುಗಿದಾಗ ಆಕೆ ಏನೋ ಕೇಳಿದಳು.

"ಇದು ಯಾವ ಏಟು ಅಂತ ಕೇಳ್ತಾವ್ರೆ," ಎಂದರು ಮೇಷ್ಟ್ರು. ಧ್ವನಿ ಗಟ್ಟಿಯಾಗಿತ್ತು.

"ಮದ್ವೆ ಏಟು ಅನ್ನಿ."

"ಜವರಯ್ಯ."

"ಅನ್ನಿ ಮೇಷ್ಟ್ರೇ. ನನ್ ಮೀಸೆ ಪ್ರಶ್ನೆ."

ಮೇಷ್ಟ್ರು ಆಕೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡಿದರು. ಬಹಳ ಹೊತ್ತು ಮಾತಾಡಿದರು. ಆಕೆಯೂ ಏನೋ ಹೇಳಿದಳು. ಆಮೇಲೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನಮ್ಮ ಎರಡು ಪದಕ್ಕೆ ಇಷ್ಟುದ್ದ ಆಗುತ್ತದಲ್ಲ, ಇಂಗ್ಲಿಷ್ ಎಷ್ಟು ದಂಡದ ಭಾಷೆ ಅಂದುಕೊಂಡೆ.

ಅಂತರಸಂತೆ

ವಾಪಸು ಬರುವಾಗ ವಿಮಾನ ಒಮ್ಮೆ ಧಡಕ್ಕನೆ ಅಲುಗಿತು. ಆಗ ನೆನಪಾಯಿತು ಅಪ್ಪನ ಮಾತು. ಏಟೇ ಹೆಣ ಹುಡುಕಿಕೊಂಡು ಬರುತ್ತದೆ. ಸುತ್ತ ನೋಡಿದೆ. ಮುನ್ನೂರು ಜನ ಕೂತಿದ್ದರು. ಇಷ್ಟು ಯಾಕಪ್ಪಾ, ಒಂದು ಸಾಕಲ್ಲ ಅಂತ ಕಾಣದ ದೇವರಿಗೆಲ್ಲ ಕೈಮುಗಿದೆ. ಪಕ್ಕದಲ್ಲಿ ಮೇಷ್ಟ್ರು ಗೊರಕೆ ಹೊಡೆಯುತ್ತಿದ್ದರು. ಒಮ್ಮೆ ಗೊರಕೆ ನಿಂತಿತು. ನನ್ನ ಎದೆಯೂ ನಿಂತಿತು. ಅಲುಗಾಡಿಸಿ ಎಬ್ಬಿಸಿದೆ.

"ಏನಯ್ಯಾ?"

"ಏನಿಲ್ಲ ಮೇಷ್ಟ್ರೇ, ಇದ್ದೀರಾ ಅಂತ."

ಊರಿಗೆ ಬಂದ ಮೇಲೆ ನಾನು ಬೇರೆಯೇ ಮನುಷ್ಯ. ಬೆಳಿಗ್ಗೆ ಎದ್ದವನೇ ಊರಿನ ಮುದುಕರನ್ನೆಲ್ಲ ಒಂದು ಸುತ್ತು ನೋಡಿಕೊಂಡು ಬರುತ್ತಿದ್ದೆ. ಕೆಮ್ಮು ಹೆಂಗದೆ, ನಿದ್ದೆ ಬಂತಾ, ಉಂಡ್ರಾ ಅಂತ. ಮೂರನೇ ದಿನಕ್ಕೆ ಕೆಂಪಜ್ಜಿ ದೊಣ್ಣೆ ಎತ್ತಿದಳು.

"ಯಾಕ್ಲಾ ಜವರ, ದಿನಾ ಬಂದು ನೋಡ್ತೀಯೆ? ನಾನ್ ಸಾಯ್ತೀನಿ ಅಂತ ಯಾವನ್ಲಾ ಯೋಳ್ದೋನು?"

"ಇಲ್ಲ ಕಣಜ್ಜಿ, ಪಿರೂತಿ."

"ನಿನ್ ಪಿರೂತಿ ಬೆಂಕಿ ಆಕ. ಕಾಗೆ ಕೂತಂಗೆ ಕೂತ್ಕತೀಯೆ."

ಕಿತಾಪತಿ ಬಿಟ್ಟೆ. ಯಾರ ಚಪ್ಪಲಿಯನ್ನೂ ಬಚ್ಚಿಡಲಿಲ್ಲ, ಯಾರ ಹೋರಿಯನ್ನೂ ಬಿಚ್ಚಿಬಿಡಲಿಲ್ಲ. ಫಾರಿನ್ನಿನ ನೀರು ಒಗ್ಗದೆ ಜವರಣ್ಣನಿಗೆ ಬುದ್ಧಿ ಬಂದುಬಿಟ್ಟಿದೆ ಅಂತ ಜನ ಮರುಗಿದರು. ಇಷ್ಟು ಸಾಲದು ಅಂತ ಆ ಎಂಟು ತಿಂಗಳು ಊರಿನಲ್ಲಿ ಒಂದು ಸಾವೂ ಆಗಲಿಲ್ಲ! ನನಗೆ ಇನ್ನೂ ಭಯ. ಹಸಿದ ಏಟು ಇನ್ನೂ ಹುಡುಕುತ್ತಲೇ ಇದೆ ಅಂತ. ನಮ್ಮ ಸೆಟ್ಟಿನ ಸಿದ್ದ ಬೇರೆ ಗೊಣಗಿದ: "ಅಣ್ಣೋ, ನೀನ್ ಓಗಿ ಬಂದದ್ದೇ ಬಂದದ್ದು, ಒಬ್ರೂ ಸಾಯ್ತಾ ಇಲ್ವಲ್ಲ. ನಾವ್ ಬದುಕೋದ್ ಬ್ಯಾಡ್ವಾ?"

ಮತ್ತೆ ಹ್ಯಾಂಡ್‌ಪೋಸ್ಟ್

ಎಂಟು ತಿಂಗಳಿಗೆ ಪಾರ್ಸೆಲ್ ಬಂತು. ಒಳಗೆ ಹಾಡಿನ ಸಿ.ಡಿ., ಜೊತೆಗೊಂದು ಕಾಗದ. ಮೇಷ್ಟ್ರು, ನಾನು ಹ್ಯಾಂಡ್‌ಪೋಸ್ಟಿನ ಕ್ಯಾಸೆಟ್ ಅಂಗಡಿಗೆ ಹೋದೆವು. ಸುದ್ದಿ ಹೇಗೆ ಮುಟ್ಟಿತೋ, ನಂಜುಂಡನೂ ಹಾಜರು. ಅಂಗಡಿಯವನು ಬೀದಿಗೆ ಕೇಳುವಂತೆ ದೊಡ್ಡ ಸ್ಪೀಕರಿಗೆ ಹಾಕಿದ.

ಡಣ್... ಡಣಕ ಡಣ್... ಡಣಕ.

ಬಸ್ಸು ಕಾಯುತ್ತಿದ್ದವರು ಎದ್ದು ನಿಂತರು. ಟೀ ಕುಡಿಯುತ್ತಿದ್ದವನು ಗ್ಲಾಸು ಕೆಳಗಿಟ್ಟ. ವೀಳ್ಯದೆಲೆ ಮಾರುವ ಮುದುಕಿ ಸೆರಗು ತಲೆಗೆಳೆದುಕೊಂಡು ರಸ್ತೆಯ ಎರಡೂ ಕಡೆ ನೋಡಿದಳು. "ಯಾರಪ್ಪ ತೀರ್ಕಂಡೋರು?"

ನಂಜುಂಡ ತೊಡೆ ತಟ್ಟಿ ನಗತೊಡಗಿದ. "ಜವರಣ್ಣೋ! ಅಷ್ಟು ದೂರ ಓಗಿ ಒಡ್ದದ್ದು ಇದುನ್ನಾ? ತತ್ತಾ ಮೀಸೆ!"

ನನಗೆ ಮೀಸೆಯ ಚಿಂತೆ ಹೋಗಿತ್ತು. ಮೇಷ್ಟ್ರ ಕೈ ಹಿಡಿದುಕೊಂಡೆ. "ಮೇಷ್ಟ್ರೇ, ಹಾಡು ನಿಲ್ಸಿ ಅನ್ನಿ. ಅವತ್ತು ಯೆಣ ಇಲ್ದೆ ಒಡ್ದುಬುಟ್ಟೆ. ನಿಮ್ ಬಾಯಲ್ಲಿ ಸುಳ್ಳು ಬೇರೆ ಹೇಳಿಸ್ದೆ. ಎಂಟು ತಿಂಗ್ಳಿಂದ ಸತ್ತು ಬದುಕ್ತಿವ್ನಿ."

ಮೇಷ್ಟ್ರು ಕನ್ನಡಕ ಏರಿಸಿಕೊಂಡರು. "ನಾನು ಸುಳ್ಳು ಹೇಳ್ದೆ ಅಂತ ನಿಂಗ್ಯಾರಯ್ಯ ಹೇಳಿದ್ದು?"

"ಆಂ?"

"ಇದು ಸಾವಿನ ಏಟು, ಈ ಮನುಷ್ಯ ತರಲೆ ಮಾಡ್ತಾವ್ನೆ, ಕ್ಷಮಿಸಿ ಅಂತ ಅವತ್ತೇ ಹೇಳ್ದೆ. ಅದಕ್ಕೆ ಆಯಮ್ಮ ಏನಂದ್ರು ಗೊತ್ತಾ? ಹಿಂದಿನ ವರ್ಷ ಅವರ ತಂದೆ ತೀರ್ಕೊಂಡಾಗ ಅವರು ಯಾವ್ದೋ ಊರಲ್ಲಿ ಹಾಡ್ತಾ ಇದ್ರಂತೆ. ಬರೋ ಹೊತ್ತಿಗೆ ಮಣ್ಣು ಮಾಡಿ ಆಗಿತ್ತಂತೆ. ಹಾಡು ಕಟ್ಟಿದ್ದೇ ಅವರಿಗೆ. ಕಂಪನಿಯೋರು ಅದನ್ನ ಕುಣಿಸೋಕೆ ಹೋಗಿ ಕೆಡಿಸಿದ್ರು. ಅಪ್ಪನ್ನ ಇವತ್ತು ಕಳಿಸ್ಕೊಟ್ಟೆ ಅಂತ ನಿನ್ನ ಕೈ ಹಿಡ್ಕೊಂಡ್ರು. ನೋಡು, ಸಿ.ಡಿ. ಕವರಿನ ಮೇಲೂ ಬರೆಸಿದಾರಂತೆ: 'ನನ್ನ ತಂದೆಗೆ. ತಮಟೆ: ಅಂತರಸಂತೆಯ ಜವರಯ್ಯ.'"

ಕವರು ಇಸ್ಕೊಂಡು ಆ ಅಕ್ಷರಗಳ ಮೇಲೆ ಬೆರಳಾಡಿಸಿದೆ. ಹಾಗಾದರೆ ಹೆಣವಿಲ್ಲದೆ ಹೊಡೆದ ಏಟಲ್ಲ ಅದು. ಆಕೆಯ ಅಪ್ಪ ಒಂದು ವರ್ಷದಿಂದ ಕಾದು ಕೂತಿದ್ದರು, ನಾನು ಹೋಗುವುದು ತಡವಾಗಿತ್ತು ಅಷ್ಟೇ. ಯಾವನಾರ ಸತ್ತವ್ನಾ ಅಂತ ನಂಜುಂಡ ಅಂದು ಕೇಳಿದ್ದು ಸರಿಯಾಗಿಯೇ ಇತ್ತು. ಅವನ ಜೀವಮಾನದ ಒಂದೇ ಸರಿಯಾದ ಮಾತು.

"ಅಲ್ಲ ಮೇಷ್ಟ್ರೇ, ಅವತ್ತೇ ನಂಗೆ ಯಾಕ್ ಯೋಳ್ಲಿಲ್ಲ? ಎಂಟು ತಿಂಗ್ಳು!"

ಮೇಷ್ಟ್ರು ಕೈಯಿಂದ ತಲೆ ಸವರಿಕೊಂಡರು.

"ಅಲ್ಲಿದ್ದಷ್ಟು ದಿನ ಆ ಯೋಹಾನನ ಬಾಯಲ್ಲಿ ಬೋಳ ಅನ್ಸಿದೆಯಲ್ಲ ಕಣಯ್ಯ. ನಾನು ಸುಳ್ಳಂತೂ ಹೇಳಲ್ಲ. ಸುಮ್ನಿರೋದಕ್ಕೆ ಏನಂತೆ? ಎಂಟು ತಿಂಗಳು ಊರು ನೆಮ್ಮದಿಯಾಗಿತ್ತು."

ನಂಜುಂಡ ಇನ್ನೂ ಮೀಸೆ ಮೀಸೆ ಅನ್ನುತ್ತಿದ್ದ. ಮೇಷ್ಟ್ರು ಕಾಗದದ ಕೊನೆಯ ಸಾಲು ಓದಿದರು. ಈ ಹಾಡನ್ನು ಅಲ್ಲಿ ಜನ ಯಾಕೋ ಮದುವೆಗಳಲ್ಲಿ ಹಾಕಿಕೊಂಡು ಕುಣಿಯುತ್ತಿದ್ದಾರಂತೆ. ಹಾಕಬಹುದೋ, ನಿಮ್ಮ ಪದ್ಧತಿಗೆ ತಪ್ಪಾಗುತ್ತದೋ ಅಂತ ಆಕೆ ಕೇಳಿದ್ದಳು.

ನಾನು ಮೀಸೆ ತಿರುವಿದೆ. ನಂಜುಂಡನ ಮುಖದ ಮುಂದೆ, ನಿಧಾನವಾಗಿ, ಮೂರನೆಯದಕ್ಕೆ ಒಂದು ತಡೆ ಕೊಟ್ಟು.

"ಕುಣೀಲಿ ಅಂತ ಬರೀರಿ ಮೇಷ್ಟ್ರೇ," ಅಂದೆ. "ಎದರ್ಕಬ್ಯಾಡಿ ಅನ್ನಿ. ಆ ಏಟು ಯಾರ್ನ ಉಡುಕ್ತಿತ್ತೋ ಅವರು ಆಗ್ಲೇ ಸಿಕ್ಕವ್ರೆ."